ಗುರಿಯ ಹಿಂದಣ ಬಯಲು

ದ್ರೋಣಾಚಾರ್ಯರು ಮರದ ಮೇಲೆ ಹಕ್ಕಿಯ ಬೊಂಬೆಯನ್ನಿಟ್ಟು ಶಿಷ್ಯರನ್ನು ಪರೀಕ್ಷಿಸಿದ ಕಥೆ ನಮ್ಮಲ್ಲಿ ಮಕ್ಕಳಿಗೂ ತಿಳಿದಿದೆ. ಅರ್ಜುನನ ಕಣ್ಣಿಗೆ ಏನು ಕಂಡಿತೆಂಬುದನ್ನು ಎಲ್ಲರೂ ಹೇಳುತ್ತಾರೆ. ಆ ಬಾಣವು ಒಂದು ವೇಳೆ ತಪ್ಪಿದ್ದರೆ ಮರದಾಚೆ ಯಾರ ಮೇಲೆ ಬೀಳುತ್ತಿದ್ದಿತೆಂದು ಮಾತ್ರ ಯಾರೂ ಕೇಳಿದಂತಿಲ್ಲ. ಊರು ಚಿಕ್ಕದಾಗಿ ಬಯಲು ದೊಡ್ಡದಾಗಿದ್ದ ಕಾಲದಲ್ಲಿ ಆ ಪ್ರಶ್ನೆಗೆ ಅವಕಾಶವೂ ಇರಲಿಲ್ಲ. ಊರು ಬೆಳೆದು ಬಯಲು ಕುಗ್ಗಿದ ಕಡೆಗಳಲ್ಲಾದರೋ ಅದೇ ಮೊದಲನೆಯ ಪ್ರಶ್ನೆಯಾಗುತ್ತದೆ. ಅಭ್ಯಾಸಕ್ಕಾಗಿಯೂ ವಿನೋದಕ್ಕಾಗಿಯೂ ಗುರಿಯಿಟ್ಟು ಹೊಡೆಯುವವರಿಗೆ ನೆಲ ದೊರೆಯುವುದು ಹೇಗೆ, ದೊರೆತ ನೆಲ ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು ಲಂಡನ್ ನಗರದ ನಿದರ್ಶನದಿಂದ ಈ ಹೊತ್ತು ವಿಚಾರಮಾಡೋಣ.

ಬಂದೂಕಕ್ಕೆ ಮುಂಚೆ ಅಲ್ಲಿ ಬಿಲ್ಲಿನ ಕಾಲವಿದ್ದಿತು. ಹಬ್ಬದ ದಿನಗಳಲ್ಲಿ ಪ್ರಜೆಗಳು ಇತರ ಆಟಗಳನ್ನು ಬಿಟ್ಟು ಬಿಲ್ವಿದ್ಯೆಯನ್ನು ಅಭ್ಯಾಸಮಾಡಬೇಕೆಂದು ಮೂರನೆಯ ಎಡ್ವರ್ಡ್ ದೊರೆಯು 1363ರಲ್ಲಿ ಆಜ್ಞೆಮಾಡಿದ್ದನು. ಲಂಡನ್ನಿನವರು ಕೋಟೆಯ ಉತ್ತರಕ್ಕಿದ್ದ ಹೊಲಬಯಲುಗಳಿಗೆ ಹೋಗಿ ಬಾಣ ಬಿಡುತ್ತಿದ್ದರು. 1514ರ ಸುಮಾರಿನಲ್ಲಿ ಇಸ್ಲಿಂಗ್ಟನ್, ಹಾಕ್ಸ್‌ಟನ್, ಷೋರ್‌ಡಿಚ್ ಎಂಬ ಹಳ್ಳಿಗಳ ಸುತ್ತಿನ ಬಯಲಿಗೆ ಬೇಲಿಯೂ ಕಂದಕವೂ ಬಿದ್ದುವು. ಆಗ ಒಬ್ಬ ಮನುಷ್ಯನು ವಿದೂಷಕನ ಅಂಗಿಯನ್ನು ತೊಟ್ಟು, ಗುದ್ದಲಿ ಸನಿಕೆಗಳ ಹೆಸರು ಹೇಳಿ ಕೂಗುತ್ತ ಬೀದಿಬೀದಿ ತಿರುಗಿದನೆಂದೂ, ಜನರು ಅವನ ಹಿಂದೆ ನುಗ್ಗಿ ಬೇಲಿಗಳನ್ನು ಕಿತ್ತು ಕಂದಕಗಳನ್ನು ಮುಚ್ಚಿದರೆಂದೂ ಹಾಲ್ ಎಂಬ ಚರಿತ್ರಕಾರನು ಬರೆದಿದ್ದಾನೆ. ಜಯ ಜನರದೇ ಆಯಿತು. ಆದರೆ ಬೇಲಿಯನ್ನು ಕಿತ್ತಂತೆ ಮನೆಗಳನ್ನು ಕೀಳಲಾಗುವುದಿಲ್ಲ. ಕಾಲಕ್ರಮದಲ್ಲಿ ಆ ಬಯಲುಗಳೆಲ್ಲ ಊರಿನೊಳಕ್ಕೆ ಸೇರಿಹೋದುವು.

ಮೂರೂವರೆ ಶತಮಾನಗಳ ತರುವಾಯ ಅದೇ ಪ್ರಶ್ನೆ ಮತ್ತೊಮ್ಮೆ ತಲೆಯೆತ್ತಿತು. 1859ರಲ್ಲಿ, ಫ್ರಾನ್ಸಿನ ಮೂರನೆಯ ನೆಪೋಲಿಯನ್ ಚಕ್ರವರ್ತಿಯು ದಂಡೆತ್ತಿ ಬರುವನೆಂಬ ಭೀತಿಯಿಂದ, ಇಂಗ್ಲೆಂಡಿನ ವಕೀಲರು, ಗುಮಾಸ್ತರು, ವರ್ತಕರು, ಕುಶಲಕರ್ಮಿಗಳು ಸ್ವಯಂಸೇವಕ ದಳಗಳಾಗಿ ಕೂಡಿದರು. ಇವರಿಗೆ ಗುರಿ ಕಲಿಸುವುದಕ್ಕಾಗಿ ಅದೇ ವರ್ಷ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಎಂಬ ಸಂಘವು ಹುಟ್ಟಿತು. ಹಳೆಯ ನುಣುಪು ನಳಿಗೆಯ ಕೋವಿಗೆ ನೂರು ಗಜ ನೆಲವಿದ್ದರೆ ಸಾಕಾಗುತ್ತಿದ್ದಿತು. ನಳಿಗೆಯೊಳಗೆ ಸುತ್ತುಗೆರೆ ಕೊರೆದ ರೈಫಲ್ಲಾದರೋ ಸಾವಿರ ಗಜದಾಚೆಯ ಗುರಿಯನ್ನೂ ಮುಟ್ಟಬಲ್ಲುದು. ಸಾವಿರ ಗಜದ ತೆರಪಾದ ನೆಲ, ಅದರ ಕೊನೆಯಲ್ಲಿ ಮಣ್ಣಿನ ದಿಬ್ಬ, ದಿಬ್ಬದ ಆಚೆ ಮನುಷ್ಯಸಂಚಾರವಿಲ್ಲದ ಬಯಲು, ಇಷ್ಟೂ ಇದ್ದು, ದಿನದ ಕೆಲಸ ಮುಗಿಸಿದ ಗುಮಾಸ್ತನು ಹೋಗಿಬರುವಷ್ಟು ಹತ್ತಿರವೂ ಇರಬೇಕು. ಕಷ್ಟವೆಲ್ಲ ಈ ಕೊನೆಯ ಮಾತಿನಲ್ಲಿದೆ.

ಲಂಡನ್ನಿನ ನಡುವಿನಿಂದ ಸುಮಾರು 7 ಮೈಲಿ ದೂರದ ವಿಂಬಲ್ಡನ್ ಕಾಮನ್ ಈ ಎಲ್ಲ ಲಕ್ಷಣಗಳನ್ನೂ ಹೊಂದಿದಂತೆ ತೋರಿತು. ‘ಕಾಮನ್’ ಎಂದರೆ ನಮ್ಮ ಗೋಮಾಳವನ್ನು ಹೋಲುವ ನೆಲ. ಒಡೆತನ ಜಹಗೀರುದಾರನದು, ದನ ಮೇಯಿಸುವ, ಸೌದೆ ತರುವ ಹಕ್ಕು ಸುತ್ತಣ ನಿವಾಸಿಗಳದು. ಇಲ್ಲಿಯ ಒಡೆಯನು ಸ್ಪೆನ್ಸರ್ ಪ್ರಭುವು. ಅವನ ಅನುಮತಿ ದೊರೆಯಿತು. 1860ನೆಯ ಜುಲೈ 2ರಂದು ವಿಕ್ಟೋರಿಯ ರಾಣಿಯೇ ಬಂದು ಮೊದಲ ಗುಂಡನ್ನು ಹಾರಿಸಿದಳು. ಮ್ಯಾಂಚೆಸ್ಟರಿನ ಯಂತ್ರಶಿಲ್ಪಿ ವಿಟ್‌ವರ್ತನು ತನ್ನ ರೈಫಲ್ಲನ್ನು ಕಬ್ಬಿಣದ ಪೀಠದ ಮೇಲೆ ಬಿಗಿದು, ಗುರಿಯನ್ನು ಮೊದಲೇ ಸರಿಪಡಿಸಿ, ಕುದುರೆಗೆ ಒಂದು ರೇಷ್ಮೆಯ ಎಳೆಯನ್ನು ಕಟ್ಟಿಟ್ಟಿದ್ದನು. ರಾಣಿಯು ಎಳೆಯನ್ನು ಸೆಳೆದಳು. 400 ಗಜದಾಚೆ ಗುಂಡು ನಟ್ಟನಡುವಿನಿಂದ ಒಂದೂಕಾಲು ಅಂಗುಲದಷ್ಟೇ ಸರಿದು ತಾಗಿತು. ಕೀರ್ತಿಯಲ್ಲಿ ಹೆಚ್ಚಿನ ಪಾಲು ವಿಟ್‌ವರ್ತನಿಗೇ ಸಲ್ಲಬೇಕು. ರಾಣಿಯ ಹೆಸರಿನ 250 ಪೌಂಡಿನ ಬಹುಮಾನವನ್ನು ಆ ವರ್ಷ ಎಡ್ವರ್ಡ್ ರಾಸ್ ಎಂಬ ತರುಣನು ಗೆದ್ದನು.

ಅಲ್ಲಿಂದ ಮುಂದೆ ವರ್ಷವರ್ಷವೂ ಜುಲೈ ತಿಂಗಳಲ್ಲಿ ವಿಂಬಲ್ಡನ್ನಿನ ಗಾಳಿಯಂತ್ರದ ಸುತ್ತ ಡೇರೆಗಳ ಊರೊಂದು ಎದ್ದು ನಿಲ್ಲುತ್ತಿದ್ದಿತು. ಗುರಿಗಾರರಿಗಿಂತ ನೋಡುವವರೇ ಹೆಚ್ಚು. ನಮ್ಮ ಜಾತ್ರೆಗಳಂತೆಯೇ ಎನ್ನಬಹುದು. ಮೊದಮೊದಲು ಗುರಿಹಲಗೆಗಳು ಬಿಳಿ ಬಣ್ಣ ಬಳಿದ ಕಬ್ಬಿಣದ ತಗಡುಗಳಾಗಿದ್ದುವು. ಗುಂಡು ತಾಗಿದೊಡನೆ ಗಂಟೆಯಂತೆ ನಾದವಾಗುತ್ತಿದ್ದಿತು. ನಮ್ಮ ನೆರೆಯ ಕೊಲ್ಹಾಪುರದ ರಾಜರ ಹೆಸರೂ ಅಲ್ಲಿ ನಿಂತಿದೆ. ಅವರು ಕೊಟ್ಟ ಬಟ್ಟಲಿಗಾಗಿ 1871ರಲ್ಲಿ ಮೊದಲಾದ ಪಂದ್ಯವು ಇಂದಿಗೂ ನಡೆಯುತ್ತಿದೆ.

ಇಷ್ಟರಲ್ಲಿ ನೆಲದ ವ್ಯಾಜ್ಯ ಬೇರೊಂದು ದಿಕ್ಕಿನಿಂದ ಬಂದೊದಗಿತು. 1864ರಲ್ಲಿ ಐದನೆಯ ಸ್ಪೆನ್ಸರ್ ಪ್ರಭುವು ಕಾಮನ್ನಿನ ಒಂದು ಭಾಗವನ್ನು ಮನೆಗಳಿಗಾಗಿ ಮಾರಿ, ಉಳಿದುದಕ್ಕೆ ಬೇಲಿ ಹಾಕಿ ಉದ್ಯಾನವಾಗಿ ಮಾಡಿ, ಗಾಳಿಯಂತ್ರವಿದ್ದೆಡೆಯಲ್ಲಿ ತನಗೊಂದು ಭವನವನ್ನು ಕಟ್ಟಿಸಿಕೊಳ್ಳುವ ಯೋಜನೆಯನ್ನು ಹೊರಡಿಸಿದನು. ಈ ಸಲ ಜನರು ಗುದ್ದಲಿ ಹಿಡಿಯಲಿಲ್ಲ. ಸಮಿತಿ ಮಾಡಿ, ಹಣ ಕೂಡಿಸಿ, ತಮ್ಮ ಹಕ್ಕುಗಳಿಗಾಗಿ ಹೋರಾಡಿದರು. ಏಳು ವರ್ಷಗಳ ಬಳಿಕ, 1871ರಲ್ಲಿ, ಪಾರ್ಲಿಮೆಂಟು ಶಾಸನವನ್ನು ಮಾಡಿ ಆ ನೆಲವನ್ನು ಪಾಲಕಮಂಡಲಿಯ ವಶಕ್ಕೆ ಕೊಟ್ಟಿತು. ಪ್ರಭುವಿಗೆ ವರ್ಷಕ್ಕೆ 1,200 ಪೌಂಡು ಸಲ್ಲತಕ್ಕದ್ದು. ಬಯಲು ಬಯಲಾಗಿಯೇ ಎಂದೆಂದಿಗೂ ಉಳಿಯತಕ್ಕದ್ದು.

ಗುರಿಗಾರರ ಕೂಟವು ತರುವಾಯವೂ ನಡೆಯಿತು. ಆದರೆ ಈ ಜಯದಲ್ಲಿಯೇ ಅವರ ನಿರ್ಗಮನದ ಬೀಜವೂ ಇದ್ದಿತೆಂದು ನನ್ನ ಅಭಿಪ್ರಾಯ. ಬಯಲು ಸಾರ್ವಜನಿಕರದೆಂದು ಸ್ಥಿರವಾದ ಮೇಲೆ, ನಡೆದಾಡಲು ಬಂದ ತಾಯಿಮಕ್ಕಳನ್ನು ತಡೆದು ನಿಲ್ಲಿಸುವುದು ಹೇಗೆ? ಅಭ್ಯಾಸಿಯು ತನಗೆ ಬೇಕಾದ ನೆಲವನ್ನು ಕೇಳುವಾಗ ತಾನು ನಿಲ್ಲುವ ಜಾಗವನ್ನೂ ಗುರಿಹಲಗೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ನಿಜವಾಗಿ ಅವನು ಕೇಳುತ್ತಿರುವುದು ದಿಬ್ಬದ ಹಿಂದಣ ನೆಲವನ್ನು. ಅದೂ ಬೇರೆ ಯಾರೂ ಉಪಯೋಗಿಸದಂತೆ. ಆ ನೆಲವು ಬಹುಮಟ್ಟಿಗೆ ಮತ್ತೊಬ್ಬರದಾಗಿರುತ್ತದೆ. ವಿಂಬಲ್ಡನ್ನಿನಲ್ಲಿ ಆ ಮತ್ತೊಬ್ಬರು ಕೇಂಬ್ರಿಡ್ಜ್ ಡ್ಯೂಕರು, ಅಂದರೆ ಬ್ರಿಟಿಷ್ ಸೈನ್ಯದ ಸರ್ವಸೇನಾಧಿಪತಿಗಳು! ಪಕ್ಕದ ಕೂಮ್ ಎಂಬಲ್ಲಿ ಅವರ ಜಮೀನಿದ್ದಿತು. ಅಲ್ಲಿ ಮನೆಗಳನ್ನು ಕಟ್ಟಿಸಬೇಕೆಂದಿದ್ದ ಅವರಿಗೆ ಗುಂಡಿನ ನೆರೆ ಒಗ್ಗಲಿಲ್ಲ. ದೇಶದ ಬಂದೂಕಗಳಿಗೆಲ್ಲ ಯಜಮಾನರಾದವರೇ ಹೀಗೆಂದ ಮೇಲೆ ಇತರರ ಮಾತೇನು? 1888ರಲ್ಲಿ ಲೀ–ಮೆಟ್‌ಫರ್ಡ್ ರೈಫಲ್ ಸೈನ್ಯಕ್ಕೆ ಬಂದಿತು. ಇಂಥ ಹೊಸ ಕೋವಿಗಳ ತಪ್ಪಿದ ಗುಂಡು ಮೈಲಿಗಟ್ಟಲೆ ಹೋಗಬಲ್ಲುದಾಗಿ, ನಿನ್ನೆ ನಿರಪಾಯವಾಗಿದ್ದ ನೆಲವೇ ಇಂದು ಅಪಾಯವಾಯಿತು. 1889ರ ಕೂಟವೇ ಅಲ್ಲಿ ಕಡೆಯದು.

ಹೊಸ ನೆಲವು ಲಂಡನ್ನಿನಿಂದ ನೈರುತ್ಯಕ್ಕೆ ಸುಮಾರು 30 ಮೈಲಿ ದೂರದ ಬಿಸ್ಲಿ ಎಂಬಲ್ಲಿ, ಉಳುಮೆಗೆ ಬಾರದ ಮರಳು ಕುರುಚಲಿನ ಸೀಮೆಯಲ್ಲಿ ದೊರೆಯಿತು. ಒಂದು ಪಕ್ಕದಲ್ಲಿ ಸೈನ್ಯದ ಬಯಲು. ಮತ್ತೊಂದು ಪಕ್ಕದಲ್ಲಿ ಬ್ರುಕ್‌ವುಡ್. ಅಲ್ಲಿ 1854ರಲ್ಲಿ ತೆರೆದ ಲಂಡನ್ನಿನ ಮಹಾಶ್ಮಶಾನ. ಆ ನೆರೆಯವರು ಶಬ್ದವಾಗುತ್ತದೆಂದು ದೂರು ಕೊಡುವ ಪೈಕಿಯಲ್ಲ. 1890ರ ಜುಲೈಯಲ್ಲಿ ಹೊಸ ಮೈದಾನದ ಪ್ರಾರಂಭೋತ್ಸವವಾಯಿತು. ಬ್ರುಕ್‌ವುಡ್ಡಿನಿಂದ ರೈಲುಕವಲೊಂದೂ ಬಂದಿತು. ವಿಂಬಲ್ಡನ್ನಿನ ಕೆಲವು ಕಟ್ಟಡಗಳನ್ನು ಕಳಚಿ ತಂದು ಇಲ್ಲಿ ನಿಲ್ಲಿಸಿದರು. 1908ರ ಒಲಿಂಪಿಕ್ ರೈಫಲ್ ಸ್ಪರ್ಧೆಗಳೂ 2002ರ ಕಾಮನ್‌ವೆಲ್ತ್ ಕ್ರೀಡೆಗಳ ಗುರಿಪಂದ್ಯಗಳೂ ಇಲ್ಲಿಯೇ ನಡೆದುವು. 1930ರಲ್ಲಿ ಮಾರ್ಜೊರಿ ಫಾಸ್ಟರ್ ಎಂಬ ಮಹಿಳೆಯು ಗಂಡಸರೆಲ್ಲರನ್ನೂ ಮೀರಿಸಿ ದೊರೆಯ ಬಹುಮಾನವನ್ನು ಗೆದ್ದಳು. ಆ ರೈಲುಕವಲು 1952ರಲ್ಲಿ ಮುಚ್ಚಿತು. ನೆಲ ಸ್ಥಿರವಾಯಿತು, ನಿಜ; ಆದರೆ ಸಂಜೆಯ ಬಿಡುವಿನಲ್ಲಿ ಬಂದು ನೋಡುತ್ತಿದ್ದ ನಗರದ ಜನಸಂದಣಿ ಅಷ್ಟು ದೂರ ಹಿಂಬಾಲಿಸಿ ಬರಲಿಲ್ಲ.

ಎಲ್ಲ ಕಡೆಗಳಲ್ಲಿಯೂ ಇಷ್ಟು ಸುಖವಾದ ಮುಕ್ತಾಯ ದೊರೆಯಲಿಲ್ಲ. ನ್ಯೂಯಾರ್ಕಿನ ಗುರಿಗಾರರು ವಿಂಬಲ್ಡನ್ನಿನ ಮಾದರಿಯಲ್ಲಿಯೇ 1871ರಲ್ಲಿ ಸಂಘವನ್ನು ಕಟ್ಟಿ, ಲಾಂಗ್ ಐಲೆಂಡಿನಲ್ಲಿ ಕ್ರೀಡ್ ಎಂಬ ಮನೆತನದ ಹೊಲವನ್ನು ಕೊಂಡು, ಕ್ರೀಡ್‌ಮೋರ್ ಎಂದು ಹೆಸರಿಟ್ಟು 1873ರಲ್ಲಿ ತೆರೆದರು. ಮರುವರ್ಷ ಐರ್ಲೆಂಡಿನ ತಂಡವನ್ನು 934ಕ್ಕೆ 931ರಂತೆ ಮೂರೇ ಅಂಕಗಳಿಂದ ಸೋಲಿಸಿದರು. ಐರಿಷ್ ಗುರಿಗಾರನೊಬ್ಬನ ಒಂದು ಗುಂಡು ಪಕ್ಕದವನ ಹಲಗೆಗೆ ಬಿದ್ದುದು ಆ ಮೂರಂಕಕ್ಕೆ ಕಾರಣ. ಇಪ್ಪತ್ತು ವರ್ಷ ತುಂಬುವುದರೊಳಗಾಗಿ ಅವರ ಪಂದ್ಯಗಳು ನ್ಯೂಜೆರ್ಸಿಯ ಸೀ ಗರ್ಟ್ ಎಂಬ ಕಡಲತೀರಕ್ಕೆ ಸರಿದುವು. ಕ್ರೀಡ್‌ಮೋರಿನ ನೆಲದಲ್ಲಿ 1912ರಲ್ಲಿ ಮನೋರೋಗಿಗಳ ಆಸ್ಪತ್ರೆಯಾಯಿತು.

ಇತ್ತ ವಿಂಬಲ್ಡನ್ನಿನ ಬಯಲಿನಲ್ಲಿ ಗಾಳಿಯಂತ್ರವು ಇನ್ನೂ ನಿಂತಿದೆ. 1865ರಲ್ಲಿ ಲಂಡನ್ ಸ್ಕಾಟಿಷ್ ದಳದ ಸ್ವಯಂಸೇವಕರು, ರೈಫಲ್ ಅಭ್ಯಾಸದ ನಡುವಣ ಬಿಡುವಿಗೆಂದು, ಅಲ್ಲಿ ಗಾಲ್ಫ್ ಆಟದ ಕ್ಲಬ್ಬೊಂದನ್ನು ಪ್ರಾರಂಭಿಸಿದ್ದರು. ರೈಫಲ್ಲುಗಳು ಹೊರಟುಹೋದುವು, ಗಾಲ್ಫ್ ಉಳಿಯಿತು. ಇಂದಿಗೂ ಅಲ್ಲಿ ಆಡುವವರು ಕೆಂಪು ಬಣ್ಣದ ಮೇಲಂಗಿಯನ್ನು ತೊಟ್ಟಿರಬೇಕೆಂಬ ನಿಬಂಧನೆಯಿದೆ. ದಾರಿಹೋಕರು ದೂರದಿಂದಲೇ ಕಂಡು, ಚೆಂಡು ಬರುವ ದಿಕ್ಕಿನಿಂದ ಸರಿದು ನಿಲ್ಲಲಿ ಎಂದು.