ಕಲಬುರಗಿಯ ಕಾಲೇಜು ಮತ್ತು ಪಾಠದ ಭಾಷೆ

ಉಚ್ಚ ಶಿಕ್ಷಣವು ಯಾವ ಭಾಷೆಯಲ್ಲಿ ನಡೆಯಬೇಕೆಂಬ ಪ್ರಶ್ನೆಯು ಕಲಬುರಗಿಯ ಪ್ರಾಂತಕ್ಕೆ ಹೊಸತಲ್ಲ. ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ 1058ರ ಶಾಸನವೊಂದುಂಟು. ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಸ್ಥಾನವೊಂದರ ಲೆಕ್ಕ ಅದರಲ್ಲಿದೆ: ವೇದಕ್ಕೆ 200 ವಿದ್ಯಾರ್ಥಿಗಳು, ಶಾಸ್ತ್ರಕ್ಕೆ 50, ಉಪಾಧ್ಯಾಯರು ಆರು ಮಂದಿ, ಪುಸ್ತಕಗಳನ್ನು ನೋಡಿಕೊಳ್ಳಲು ಸರಸ್ವತೀ ಭಂಡಾರಿಗರೂ ಆರು ಮಂದಿ. (ಉಪಾಧ್ಯಾಯರಷ್ಟೇ ಗ್ರಂಥಪಾಲಕರು! ನಮ್ಮ ಕಾಲೇಜುಗಳ ಆಡಳಿತಮಂಡಳಿಗಳು ಈ ಸಾಲನ್ನು ಓದಿದಂತೆ ತೋರುವುದಿಲ್ಲ.) ಶಾಸನದ ನುಡಿ ಕನ್ನಡ, ಕಲಿಸಿದ ವಿದ್ಯೆಯ ನುಡಿ ಸಂಸ್ಕೃತ. ಮನೆಯ ಮಾತು ಒಂದು, ವಿದ್ಯೆಯ ಮಾತು ಇನ್ನೊಂದು ಎಂಬ ಏರ್ಪಾಡು ಈ ನೆಲದಲ್ಲಿ ಅಷ್ಟು ಹಳೆಯದು.

ಈ ಏರ್ಪಾಡನ್ನು ಮುರಿಯಬೇಕೆಂದು ಧೈರ್ಯದಿಂದ ಹೊರಟವರು ಹೈದರಾಬಾದಿನವರು. 1917ರಲ್ಲಿ ಅಕ್ಬರ್ ಹೈದರಿಯವರು ನಿಜಾಮರಿಗೆ ಬಿನ್ನವತ್ತಳೆಯೊಂದನ್ನು ಸಲ್ಲಿಸಿದರು. ಪರಭಾಷೆಯ ಶಿಕ್ಷಣವು ಜ್ಞಾಪಕಶಕ್ತಿಗೆ ಹೊರೆಯಾಗಿ, ಸ್ವಂತ ಆಲೋಚನೆಯನ್ನು ಕುಗ್ಗಿಸಿ, ಓದಿದವರನ್ನು ಜನಸಾಮಾನ್ಯರಿಂದ ಬೇರೆಮಾಡುತ್ತದೆಂಬುದು ಅದರ ವಾದ. ಅದರಂತೆ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. 1919ರಲ್ಲಿ ಪಾಠಗಳು ತೊಡಗಿದವು. ಇಂಗ್ಲಿಷನ್ನು ಕಡ್ಡಾಯವಾದ ಒಂದು ಭಾಷೆಯಾಗಿ ಮಾತ್ರ ಉಳಿಸಿಕೊಂಡು, ಉಳಿದೆಲ್ಲವನ್ನೂ ಉರ್ದುವಿನಲ್ಲಿ ಕಲಿಸಿದರು. ಭಾಷಾಂತರ ಶಾಖೆಯೊಂದನ್ನು ತೆರೆದು, ವೈದ್ಯ, ಗಣಿತ, ನ್ಯಾಯಶಾಸ್ತ್ರಗಳ ಗ್ರಂಥಗಳನ್ನು ತರ್ಜುಮೆ ಮಾಡಿಸಿದರು. ಇಂಗ್ಲಿಷಿಲ್ಲದೆ ಕಾಲೇಜಿಲ್ಲವೆಂದು ಇಂದಿಗೂ ಹೇಳುವವರು ಈ ಸಂಗತಿಯನ್ನು ನೆನೆಯಬೇಕು. ಇದು ಅಲ್ಪಸಾಧನೆಯಲ್ಲ.

ಆದರೆ ಆ ಸಂಸ್ಥಾನದಲ್ಲಿ ಉರ್ದು ಮನೆಮಾತಾಗಿದ್ದವರು ಸುಮಾರು ಹತ್ತರಲ್ಲಿ ಒಬ್ಬರು. ತೆಲುಗರು ಅರ್ಧದಷ್ಟು, ಮರಾಠಿಗರು ಕಾಲುಭಾಗ, ಕನ್ನಡಿಗರು ಉರ್ದುವಿನವರಿಗಿಂತ ತುಸು ಹೆಚ್ಚು. ಕಮಲಾಪುರದ ಕಡೆಯ ಒಕ್ಕಲುಮನೆಯ ಹುಡುಗನೊಬ್ಬನು ಹುಮನಾಬಾದಿನ ಹಾದಿ ಹಿಡಿದು ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜಿಗೆ ಬಂದನೆಂದು ಭಾವಿಸೋಣ. ಅವನಿಗೆ ಗಣಿತವು ರಿಯಾಜಿ, ರಸಾಯನವು ಕೀಮಿಯಾ. ಹೈದರಿಯವರು ಇಂಗ್ಲಿಷಿನ ಮೇಲೆ ಹೊರಿಸಿದ ದೋಷಗಳಲ್ಲಿ ಒಂದಾದರೂ ಇವನ ಪಾಲಿಗೆ ತಪ್ಪಲಿಲ್ಲ. ವಾದವು ನಿಜವಾಗಿತ್ತು, ಅದು ಕಮಲಾಪುರದವರೆಗೆ ಬರಲಿಲ್ಲ, ಅಷ್ಟೆ. ಊರಿನವರು ತಮ್ಮ ಕೈಲಾದುದನ್ನು ಮಾಡಿದರು: 1907ರಲ್ಲಿ ನೂತನ ವಿದ್ಯಾಲಯವೂ, 1934ರಲ್ಲಿ ದೊಡ್ಡಪ್ಪ ಅಪ್ಪನವರ ಶರಣಬಸವೇಶ್ವರ ವಿದ್ಯಾವರ್ಧಕ ಸಂಘವೂ ಹುಟ್ಟಿದವು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು. ಉಸ್ಮಾನಿಯಾದಲ್ಲಿ ಉರ್ದುವಿನ ಸ್ಥಾನಕ್ಕೆ ಬಂದುದು ಇಂಗ್ಲಿಷು! ಮೂವತ್ತು ವರ್ಷ ಶ್ರಮಪಟ್ಟು ಟಂಕಿಸಿದ ಪಾರಿಭಾಷಿಕ ಪದಗಳು ಕಪಾಟು ಸೇರಿದವು. 1956ರಲ್ಲಿ ಕಲಬುರಗಿಯು ಮೈಸೂರು ರಾಜ್ಯವನ್ನು ಕೂಡಿತು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಇಲ್ಲಿಗೆ ಬಂದಿತು. 1980ರಲ್ಲಿ ಅದೇ ಗುಲ್ಬರ್ಗಾ ವಿಶ್ವವಿದ್ಯಾನಿಲಯವಾಯಿತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಸ್ಥಾಪಿತವಾಗಿ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿತು. ಸಂವಿಧಾನದ 371ಜೆ ವಿಧಿಯಾದ ಮೇಲೆ, 2013ರ ಆಜ್ಞೆಯಂತೆ, ಈ ಪ್ರಾಂತದ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳು ಇಲ್ಲಿಯವರಿಗೆ ಮೀಸಲಾದವು. ಬಹುಕಾಲದ ಅನ್ಯಾಯಕ್ಕೆ ಇದು ತಕ್ಕ ಪರಿಹಾರವೆಂದೇ ನಮ್ಮ ಮತ. ಆದರೆ ಚರ್ಚೆಯೆಲ್ಲ ಸ್ಥಾನಗಳ ಸಂಖ್ಯೆಯ ಸುತ್ತಲೇ ತಿರುಗಿತು. ಸ್ಥಾನ ಪಡೆದವನಿಗೆ ಪಾಠ ತಿಳಿಯಿತೇ ಎಂದು ಕೇಳಿದವರು ವಿರಳ.

ಈಗಲೂ ಕಮಲಾಪುರದ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಯು ವಿಜ್ಞಾನದ ತರಗತಿಗೆ ಬಂದರೆ ಅವಳಿಗೆ ಎದುರಾಗುವುದು ಇಂಗ್ಲಿಷು. ನಾವು ಅಧ್ಯಾಪಕರು ಒಂದು ಮಧ್ಯಮಮಾರ್ಗ ಹುಡುಕಿಕೊಂಡಿದ್ದೇವೆ: ಕನ್ನಡದಲ್ಲಿ ಬಿಡಿಸಿ ಹೇಳುವುದು, ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯಿಸುವುದು. ಒಮ್ಮೆ ಟಿಪ್ಪಣಿ ಬರೆಯಿಸುವಾಗ ನಾವು ಬಾಯಿತಪ್ಪಿ ಒಂದು ಪದಕ್ಕೆ ಬದಲಾಗಿ ಇನ್ನೊಂದನ್ನು ಹೇಳಿದೆವು. ವಾಕ್ಯದ ಅರ್ಥವೇ ತಲೆಕೆಳಗಾಯಿತು. ಯಾರೂ ಕೈಯೆತ್ತಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಆ ವಾಕ್ಯವು ಒಂದಾದ ಮೇಲೊಂದರಂತೆ, ಒಂದಕ್ಷರವೂ ಲೋಪವಾಗದೆ, ನಮ್ಮ ಮೇಜಿಗೆ ಮರಳಿ ಬಂದಿತು. ಅಂಕ ಕೊಡಬೇಕೇ, ಕಳೆಯಬೇಕೇ ಎಂದು ಬಹಳ ಹೊತ್ತು ಕುಳಿತಿದ್ದು, ಕೊನೆಗೆ ಎಲ್ಲರಿಗೂ ಕೊಟ್ಟೆವು.