ಮಗುವಿನ ಕೈಗೆ ಯಾವ ಹಲಗೆ?

ನಮ್ಮ ಸಂವಾದ ಕಾರ್ಯಕ್ರಮಗಳಿಗೆ ವೀಕ್ಷಕರು ಕಳಿಸುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ: “ಮಗ ಎಂಟನೇ ತರಗತಿ, ಮಗಳು ಐದನೇ ತರಗತಿ. ಮನೆಗೊಂದು ಟ್ಯಾಬ್ಲೆಟ್ ಕೊಳ್ಳಬೇಕು. ಯಾವುದು ಒಳ್ಳೆಯದು?” ಕೇಳುವವರು ಒಂದು ಕಂಪನಿಯ ಹೆಸರನ್ನು ನಿರೀಕ್ಷಿಸುತ್ತಾರೆ. ಆದರೆ ಔಷಧದಂಗಡಿಗೆ ಹೋಗಿ, ಕಾಯಿಲೆ ಹೇಳದೆ, “ಯಾವ ಟ್ಯಾಬ್ಲೆಟ್ ಒಳ್ಳೆಯದು?” ಎಂದು ನಾವು ಕೇಳುವುದಿಲ್ಲ. ಹತ್ತಾರು ಸಾವಿರ ರೂಪಾಯಿಯ ಈ ಇನ್ನೊಂದು ಟ್ಯಾಬ್ಲೆಟ್ಟಿನ ವಿಷಯದಲ್ಲಿ ಮಾತ್ರ ಹಾಗೆ ಕೇಳುತ್ತೇವೆ.

ಅಂಗಡಿಗೆ ಹೋಗುವ ಮೊದಲು ಸ್ವಲ್ಪ ಚರಿತ್ರೆಯ ಕಡೆ ತಿರುಗಿ ನೋಡೋಣ. ಮಗುವಿನ ಕೈಗೆ ಒಂದು ಹಲಗೆ ಕೊಟ್ಟು ವಿದ್ಯೆ ಕಲಿಸುವ ಪ್ರಯತ್ನ ನಿನ್ನೆ ಮೊನ್ನೆಯದಲ್ಲ. ಅದು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದು ತಿಳಿದರೆ ನಮ್ಮ ಆಯ್ಕೆ ಎಷ್ಟೋ ಸುಲಭವಾಗುತ್ತದೆ.

ಅಳಿಸಿ ಬರೆಯುವ ಪುಸ್ತಕ

ಸರ್ಕಾರಿ ಕಚೇರಿಗಳಲ್ಲಿ ನಾವು ಇಂದಿಗೂ ‘ಕಡತ’ ಎನ್ನುತ್ತೇವೆ. ಮೂಲದಲ್ಲಿ ಕಡತ ಎಂದರೆ ಕಾಗದದ ಕಟ್ಟಲ್ಲ, ಬಟ್ಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯ ಗ್ರಂಥದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡೂ ಮೈಗೆ ಸರಿ ಮತ್ತು ಇದ್ದಿಲ ಪುಡಿಯ ಲೇಪ. ಒಣಗಿದ ಮೇಲೆ ಸಮನಾಗಿ ಮಡಿಸಿ, ಎರಡು ತುದಿಗೂ ಬಣ್ಣ ಬಳಿದ ಮರದ ಹಲಗೆ ಕಟ್ಟಿದರೆ ಕಡತ ಸಿದ್ಧ. ಬಳಪದಲ್ಲಿ ಬರೆಯಬಹುದು, ಬೇಡವಾದಾಗ ಒರೆಸಬಹುದು, ಮತ್ತೆ ಬರೆಯಬಹುದು. ವರ್ತಕರ ಲೆಕ್ಕ, ಕಂದಾಯದ ಲೆಕ್ಕ ಎಲ್ಲವೂ ಇದರ ಮೇಲೆ ನಡೆಯುತ್ತಿದ್ದವು. ಕೊಂಡೊಯ್ಯಲು ಹಗುರ, ಮಡಿಸಲು ಸುಲಭ, ಊರಿನ ಸಾಮಗ್ರಿಯಲ್ಲೇ ತಯಾರಿ, ಕೆಟ್ಟರೆ ಊರಿನಲ್ಲೇ ರಿಪೇರಿ. ಈ ನಾಲ್ಕು ಗುಣಗಳನ್ನು ನೆನಪಿಡಿ. ಮುಂದೆ ಬೇಕಾಗುತ್ತವೆ.

ಮಕ್ಕಳಿಗೆ ಕಡತಕ್ಕಿಂತಲೂ ಅಗ್ಗದ ಹಲಗೆಯಿತ್ತು. ಅದು ಮರಳು. 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿನ ದೇಸಿ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಅದನ್ನೇ ತನ್ನ ಶಾಲೆಯಲ್ಲಿ ಅಳವಡಿಸಿದ. ಕಲಿತ ಹುಡುಗ ಕಲಿಯದವನಿಗೆ ಹೇಳಿಕೊಡುವ ಏರ್ಪಾಡೂ ಅದರ ಜೊತೆಗಿತ್ತು. 1797ರಲ್ಲಿ ಲಂಡನ್ನಿನಲ್ಲಿ ಅವನು ಪ್ರಕಟಿಸಿದ ವರದಿಯಿಂದ ಇದು ‘ಮದರಾಸು ಪದ್ಧತಿ’ ಎಂದು ಹೆಸರಾಗಿ ಇಂಗ್ಲೆಂಡಿನ ಶಾಲೆಗಳಿಗೆ ಹರಡಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಶಾಲೆಗಳಲ್ಲಿ ಕಲಿಸಿದ್ದು ಮರಳೊಂದೇ ಅಲ್ಲ. ಪಕ್ಕದಲ್ಲಿ ಕುಳಿತು “ಇದು ಹೀಗಲ್ಲ, ಹೀಗೆ” ಎಂದು ಹೇಳುವ ಒಬ್ಬ ಜೊತೆಗಾರನೂ ಅಲ್ಲಿದ್ದ.

ಕನಸು ಕಂಡವರು

ಕಂಪ್ಯೂಟರಿಗೂ ಈ ಹಲಗೆಗೂ ಸಂಬಂಧ ಕಲ್ಪಿಸಿದವರು ಅಮೆರಿಕದ ಅಲನ್ ಕೇ. 1968ರಲ್ಲಿ ಅವರು ಸೀಮೋರ್ ಪೇಪರ್ಟ್ ಅವರನ್ನು ಕಂಡು, ಮಕ್ಕಳು ‘ಲೋಗೋ’ ಎಂಬ ಭಾಷೆಯಲ್ಲಿ ತಾವೇ ಪ್ರೋಗ್ರಾಂ ಬರೆಯುವ ಪ್ರಯೋಗವನ್ನು ನೋಡಿದರು. 1972ರಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದಾಗ ಅವರು ‘ಡೈನಾಬುಕ್’ ಎಂಬ ಯಂತ್ರದ ಕಲ್ಪನೆಯನ್ನು ಒಂದು ಲೇಖನದಲ್ಲಿ ಮುಂದಿಟ್ಟರು. ನೋಟುಪುಸ್ತಕದ ಗಾತ್ರ, ನಾಲ್ಕು ಪೌಂಡಿಗಿಂತ ಕಡಿಮೆ ತೂಕ, ಸುಮಾರು 500 ಡಾಲರ್ ಬೆಲೆ. ಕಂಪ್ಯೂಟರುಗಳು ಕೋಣೆಯನ್ನೇ ತುಂಬುತ್ತಿದ್ದ ಕಾಲ ಅದು.

ಆ ಲೇಖನದ ಆರಂಭದಲ್ಲಿ ಒಂಬತ್ತು ವರ್ಷದ ಇಬ್ಬರು ಮಕ್ಕಳು ಹುಲ್ಲಿನ ಮೇಲೆ ಮಲಗಿ ಅಂತರಿಕ್ಷ ನೌಕೆಗಳ ಆಟ ಆಡುತ್ತಿರುತ್ತಾರೆ. ಗೆದ್ದ ಹುಡುಗಿಗೆ ಆಟ ತೀರಾ ಸುಲಭವೆನಿಸುತ್ತದೆ. ನಿಜವಾದ ಆಕಾಶದಲ್ಲಾದರೆ ಸೂರ್ಯನ ಸುತ್ತ ತಿರುಗಬೇಕಾಗುತ್ತದೆ, ಆಗ ಗೆಲ್ಲು ನೋಡೋಣ ಎನ್ನುತ್ತಾನೆ ಹುಡುಗ. ಆಟದೊಳಕ್ಕೆ ಸೂರ್ಯನನ್ನು ತರುವುದು ಹೇಗೆ ಎಂಬ ಯೋಚನೆ ಅವರನ್ನು ಗುರುತ್ವಾಕರ್ಷಣೆಯ ಪಾಠಕ್ಕೆ ಕರೆದೊಯ್ಯುತ್ತದೆ. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇದು ಬಹಳ ಮೆಚ್ಚಿಗೆಯಾದ ದೃಶ್ಯ. ಅಲ್ಲಿ ಮಕ್ಕಳು ಪರದೆಯನ್ನು ಸುಮ್ಮನೆ ನೋಡುತ್ತ ಕುಳಿತಿಲ್ಲ. ಅದರೊಳಗಿನ ಲೋಕವನ್ನು ತಿದ್ದುತ್ತಿದ್ದಾರೆ.

ಬೆಂಗಳೂರಿನ ಪ್ರಯತ್ನ

ನಮ್ಮ ನೆಲದಲ್ಲೂ ಇಂಥದೊಂದು ಕನಸು ಹುಟ್ಟಿತ್ತು. 1999ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತಿತರರು ಸೇರಿ ಒಂದು ಟ್ರಸ್ಟ್ ಸ್ಥಾಪಿಸಿದರು. 2001ರ ಏಪ್ರಿಲ್‌ನಲ್ಲಿ ಅವರ ‘ಸಿಂಪ್ಯೂಟರ್’ ಬೆಂಗಳೂರಿನಲ್ಲಿ ಅನಾವರಣಗೊಂಡಿತು. ಅಂಗೈ ಅಗಲದ ಯಂತ್ರ, ಸ್ಪರ್ಶದಿಂದ ಕೆಲಸ ಮಾಡುವ ಪರದೆ, ಲಿನಕ್ಸ್ ತಂತ್ರಾಂಶ. ಬೆಲೆ ಸುಮಾರು 9,000 ರೂ. ಇರಬೇಕೆಂಬುದು ಅವರ ಗುರಿ. ಓದಲು ಬಾರದವರಿಗಾಗಿ ಬರಹವನ್ನು ಕನ್ನಡ, ಹಿಂದಿ ಮುಂತಾದ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯವನ್ನೂ ಅವರು ರೂಪಿಸಿದರು.

ಅದರ ಮುಖ್ಯ ವಿಚಾರ ಇನ್ನೊಂದು. ಬಡ ಕುಟುಂಬ ಯಂತ್ರ ಕೊಳ್ಳಲಾರದು, ಸ್ಮಾರ್ಟ್ ಕಾರ್ಡ್ ಕೊಳ್ಳಬಲ್ಲದು. ಊರಿಗೊಂದು ಯಂತ್ರ, ಮನೆಗೊಂದು ಕಾರ್ಡ್. ಕಾರ್ಡ್ ತೂರಿಸಿದರೆ ಯಂತ್ರ ಆ ಹೊತ್ತಿಗೆ ನಿಮ್ಮದಾಗುತ್ತದೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ‘ಅಮಿಡಾ’ ಮಾದರಿ ಮಾರುಕಟ್ಟೆಗೆ ಬಂತು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ದೊಡ್ಡ ಬೇಡಿಕೆ ಬರಲಿಲ್ಲ, ಬೇಡಿಕೆ ಇಲ್ಲದೆ ಬೆಲೆ ಇಳಿಯಲಿಲ್ಲ, ಅಷ್ಟರಲ್ಲಿ ಅಗ್ಗದ ಮೊಬೈಲುಗಳು ಊರೂರಿಗೆ ತಲುಪಿದವು. ಸಿಂಪ್ಯೂಟರ್ ಅಂಗಡಿಯಿಂದ ಮರೆಯಾದರೂ ಅದರ ಎರಡು ಪ್ರಶ್ನೆಗಳು ಉಳಿದಿವೆ. ಯಂತ್ರ ನಮ್ಮ ಭಾಷೆಯನ್ನು ಬಲ್ಲುದೇ? ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬಹುದೇ?

ಅಗ್ಗವೇ ಗುರಿಯಾದಾಗ

2005ರಲ್ಲಿ ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆ ಪ್ರಕಟಿಸಿದರು. 100 ಡಾಲರ್ ಬೆಲೆಯ ಮಾತಾಗಿತ್ತು. 2007ರಲ್ಲಿ ಯಂತ್ರ ಹೊರಬಂದಾಗ ಬೆಲೆ ಸರಿಸುಮಾರು ಅದರ ಇಮ್ಮಡಿಯಾಗಿತ್ತು. ಪೆರು ದೇಶ ಲಕ್ಷಗಟ್ಟಲೆ ಯಂತ್ರಗಳನ್ನು ಕೊಂಡಿತು. ಅಲ್ಲಿನ 319 ಗ್ರಾಮೀಣ ಶಾಲೆಗಳ ಅಧ್ಯಯನದ ಫಲಿತಾಂಶ 2012ರಲ್ಲಿ ಬಂತು. ಯಂತ್ರಗಳು ಮಕ್ಕಳ ಕೈ ಸೇರಿದ್ದವು, ಬಳಕೆಯೂ ಆಗಿತ್ತು. ತರ್ಕಶಕ್ತಿಯಲ್ಲಿ ಒಂದಿಷ್ಟು ಸುಧಾರಣೆ ಕಂಡಿತ್ತು. ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಮಾತ್ರ ಪ್ರಗತಿಯ ಕುರುಹು ಇರಲಿಲ್ಲ.

2010ರ ಜನವರಿಯಲ್ಲಿ ಆಪಲ್ ಕಂಪನಿ ಐಪ್ಯಾಡ್ ಪ್ರಕಟಿಸಿತು. ಬೆಲೆ 499 ಡಾಲರಿನಿಂದ ಆರಂಭ. ಅಲನ್ ಕೇ 38 ವರ್ಷ ಹಿಂದೆ ಬರೆದಿದ್ದ ಅಂಕಿ ಹೆಚ್ಚುಕಡಿಮೆ ಅದೇ! ಆದರೆ ಅವರ ಮಕ್ಕಳು ಆಟವನ್ನು ತಿದ್ದಿದ್ದರು. ಹೊಸ ಯಂತ್ರ ಮೊದಲಿಗೆ ಹೇಳಿ ಮಾಡಿಸಿದಂತಿದ್ದದ್ದು ನೋಡುವುದಕ್ಕೆ, ಓದುವುದಕ್ಕೆ.

ಮರುವರ್ಷ, 2011ರ ಅಕ್ಟೋಬರ್ 5ರಂದು, ದೆಹಲಿಯಲ್ಲಿ ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ಏಳು ಅಂಗುಲದ ಪರದೆ, 256 ಮೆಗಾಬೈಟ್ ಸ್ಮರಣೆ, ಆಂಡ್ರಾಯ್ಡ್ 2.2. ಸರ್ಕಾರಕ್ಕೆ ಬಿದ್ದ ಬೆಲೆ ಎರಡೂಕಾಲು ಸಾವಿರ ರೂ. ಆಸುಪಾಸು. ಜಗತ್ತೇ ತಿರುಗಿ ನೋಡಿತು. ಬಳಸಿದವರು ಮಾತ್ರ ನಿಧಾನದ ಪರದೆ, ಬೇಗ ಬರಿದಾಗುವ ಬ್ಯಾಟರಿಯ ಬಗ್ಗೆ ದೂರಿದರು. 2012ರ ನವೆಂಬರಿನಲ್ಲಿ ಇವನ್ನು ತಿದ್ದಿದ ‘ಆಕಾಶ್ 2’ ಬಂದರೂ ಯೋಜನೆ ಬಹುಕಾಲ ನಿಲ್ಲಲಿಲ್ಲ. ಕನ್ನಡಿಗರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮೂಲ ಆಂಡ್ರಾಯ್ಡ್‌ಗೆ ಕನ್ನಡ ಲಿಪಿಯ ಬೆಂಬಲ ಸಿಕ್ಕಿದ್ದು 2012ರ 4.1 ಆವೃತ್ತಿಯಲ್ಲಿ. ಹತ್ತು ವರ್ಷ ಹಿಂದೆ ಸಿಂಪ್ಯೂಟರ್ ಕನ್ನಡದಲ್ಲಿ ಮಾತಾಡಿತ್ತು. ದೇಶದ ಮಕ್ಕಳಿಗೆಂದು ಬಂದ ಅಗ್ಗದ ಹಲಗೆಯ ತಂತ್ರಾಂಶಕ್ಕೆ ಕನ್ನಡದ ಅಕ್ಷರವೇ ತಿಳಿದಿರಲಿಲ್ಲ.

ದುಬಾರಿ ಯಂತ್ರ ಕೊಂಡವರೂ ಎಡವಿದ್ದಾರೆ. 2013ರಲ್ಲಿ ಲಾಸ್ ಏಂಜಲಿಸ್ ನಗರದ ಶಾಲಾ ಆಡಳಿತ ಪ್ರತಿ ವಿದ್ಯಾರ್ಥಿಗೂ ಐಪ್ಯಾಡ್ ಕೊಡಲು ಹೊರಟಿತು. ಯೋಜನೆಯ ಒಟ್ಟು ಗಾತ್ರ ನೂರು ಕೋಟಿ ಡಾಲರನ್ನೂ ಮೀರಿತ್ತು. ಹಂಚಿದ ಕೆಲವೇ ದಿನಗಳಲ್ಲಿ ಮಕ್ಕಳು ನಿರ್ಬಂಧಗಳನ್ನು ದಾಟುವ ದಾರಿ ಕಂಡುಕೊಂಡರು. ಪಾಠದ ತಂತ್ರಾಂಶ ಪೂರ್ಣವಾಗಿರಲಿಲ್ಲ. ಮರುವರ್ಷವೇ ಒಪ್ಪಂದ ನಿಂತುಹೋಯಿತು.

ಬಾಗಿಲು ಮುಚ್ಚಿದ ಶಾಲೆ

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಹಲಗೆಯ ಪ್ರಶ್ನೆ ಪ್ರತಿ ಮನೆಯ ಪ್ರಶ್ನೆಯಾಯಿತು. ಆ ವರ್ಷದ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ಟಿ.ವಿ. ಇದ್ದ ಮನೆಗಳಲ್ಲಿ ಪಾಠ ಕೇಳಿಸಿತು. ಆದರೆ ದೂರದರ್ಶನದ ಕೆಲಸದಲ್ಲಿರುವವನಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಪಾಠ ಅತ್ತ ತಲುಪುತ್ತಿತ್ತು, ಮಗುವಿನ ಸಂದೇಹ ಇತ್ತ ತಲುಪುತ್ತಿರಲಿಲ್ಲ. ಆನ್‌ಲೈನ್ ತರಗತಿಗಳಲ್ಲಿ ಸಂದೇಹ ಕೇಳಬಹುದಿತ್ತು, ಆದರೆ ಎಷ್ಟೋ ಮನೆಗಳಲ್ಲಿದ್ದ ಒಂದೇ ಮೊಬೈಲು ಬೆಳಿಗ್ಗೆ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಸಂಜೆ ಅದು ಮನೆಗೆ ಬಂದಾಗ ಅಣ್ಣನಿಗೋ, ತಂಗಿಗೋ ಎಂಬ ತೀರ್ಮಾನವಾಗಬೇಕಿತ್ತು. ಟ್ಯಾಬ್ಲೆಟ್ ಕೊಳ್ಳುವಾಗ ಯಂತ್ರವನ್ನಷ್ಟೇ ಅಲ್ಲ, ಇಂಥ ತೀರ್ಮಾನವನ್ನೂ ನಾವು ಕೊಳ್ಳುತ್ತಿರುತ್ತೇವೆ.

ಹಾಗಾದರೆ ಏನು ನೋಡಬೇಕು?

ಮೊದಲು, ಯಾರಿಗೆ ಎಂಬುದು. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಅದಕ್ಕಿಂತ ಚಿಕ್ಕವರಿಗೆ ಪರದೆ ಬೇಡವೇ ಬೇಡ. ಅವರಿಗೆ ಇಂದಿಗೂ ಮರಳು, ಸ್ಲೇಟು, ಬಳಪ ಸಾಕು.

ಎರಡನೆಯದು ಭಾಷೆ. ಅಂಗಡಿಯಲ್ಲೇ ಕನ್ನಡ ಕೀಲಿಮಣೆ ತೆರೆಯಿಸಿ ‘ಸ್ತ್ರೀ’, ‘ಜ್ಞಾನ’, ‘ಸೂರ್ಯ’ ಎಂದು ಬರೆದು ನೋಡಿ. ಮಗುವಿನ ಪಠ್ಯಪುಸ್ತಕದ ಪಿಡಿಎಫ್ ಪುಟವೊಂದನ್ನು ತೆರೆಸಿ. 2017ರಲ್ಲಿ ಆರಂಭವಾದ ‘ದೀಕ್ಷಾ’ದ ಕನ್ನಡ ಪಾಠಗಳು ಅದರಲ್ಲಿ ಸರಿಯಾಗಿ ನಡೆಯುತ್ತವೆಯೇ ಕೇಳಿ.

ಮೂರನೆಯದು ಪರದೆ. ಅಂಗುಲದ ಲೆಕ್ಕ ಮೂಲೆಯಿಂದ ಮೂಲೆಗೆ. ಆಕಾರ ಒಂದೇ ಆಗಿದ್ದರೆ ಹತ್ತು ಅಂಗುಲದ ಪರದೆಯ ವಿಸ್ತೀರ್ಣ ಏಳು ಅಂಗುಲದ್ದರ ಎರಡರಷ್ಟು. ಪಠ್ಯಪುಸ್ತಕವನ್ನು ಹಿಗ್ಗಿಸದೆ, ಸರಿಸದೆ ಓದಬೇಕಾದರೆ ಹತ್ತು ಅಂಗುಲದ ಆಸುಪಾಸಿನದು ಬೇಕು.

ನಾಲ್ಕನೆಯದು ಹಂಚಿಕೆ. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಿಗೆ 2012ರಿಂದ ಹಲವು ಬಳಕೆದಾರರ ಖಾತೆಯ ಸೌಲಭ್ಯ ಬಂತು. ಕೊಳ್ಳುವ ಮಾದರಿಯಲ್ಲಿ ಅದು ಇದೆಯೇ ನೋಡಿ. ಐಪ್ಯಾಡ್‌ಗೆ 2016ರಲ್ಲಿ ಬಂದ ಅಂಥ ಏರ್ಪಾಡು ಶಾಲೆಗಳಿಗಾಗಿ ಮಾಡಿದ್ದು. ಖಾತೆಯ ಜೊತೆಗೆ ಗೋಡೆಯ ಮೇಲೆ ಒಂದು ವೇಳಾಪಟ್ಟಿಯೂ ಇರಲಿ. ಮಗಳ ಪಾಳಿ ಮಗನ ಪಾಳಿಯಷ್ಟೇ ಉದ್ದವಿರಲಿ.

ಐದನೆಯದು ಆಯುಷ್ಯ. ತಂತ್ರಾಂಶದ ಹೊಸ ಆವೃತ್ತಿ ಎಷ್ಟು ವರ್ಷ ಸಿಗುತ್ತದೆ? ಬ್ಯಾಟರಿ, ಗಾಜು ಬದಲಿಸುವವರು ನಿಮ್ಮ ತಾಲ್ಲೂಕಿನಲ್ಲಿ ಇದ್ದಾರೆಯೇ? ಹೊರಕವಚ, ಇಂಟರ್ನೆಟ್ ಖರ್ಚು ಸೇರಿದರೆ ಎಷ್ಟಾಗುತ್ತದೆ? ಡಬ್ಬಿಯ ಮೇಲಿನ ಬೆಲೆ ಪೂರ್ತಿ ಬೆಲೆಯಲ್ಲ.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮಗು ಅದರಲ್ಲಿ ಏನನ್ನಾದರೂ ಮಾಡಬಲ್ಲುದೇ? ಕಥೆ ಬರೆಯಲು, ಚಿತ್ರ ತೆಗೆಯಲು, ‘ಸ್ಕ್ರ್ಯಾಚ್ ಜೂನಿಯರ್’ನಂಥ ಉಚಿತ ತಂತ್ರಾಂಶದಲ್ಲಿ ಸಣ್ಣ ಪ್ರೋಗ್ರಾಂ ಕಟ್ಟಲು ಅನುಕೂಲವಿದೆಯೇ? ಹತ್ತನೇ ತರಗತಿಯ ಮಗುವಿಗೆ ಪುಟಗಟ್ಟಲೆ ಬೆರಳಚ್ಚು ಮಾಡುವುದಿದ್ದರೆ ಟ್ಯಾಬ್ಲೆಟ್ಟಿಗಿಂತ ಸುಸ್ಥಿತಿಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಮೇಲು. “ಸದ್ಯಕ್ಕೆ ಬೇಡ” ಎಂಬುದೂ ಒಂದು ಉತ್ತರವೇ. ಹಾಗೆ ನಿರ್ಧರಿಸಿದ ತಂದೆತಾಯಿ ಸಂಕೋಚ ಪಡಬೇಕಾಗಿಲ್ಲ.

ಕಡತದ ನಾಲ್ಕು ಗುಣಗಳನ್ನು ನೆನಪಿಡಿ ಎಂದಿದ್ದೆ. ಹಗುರ, ಸುಲಭ, ಕೈಗೆಟುಕುವ ಬೆಲೆ, ಊರಿನಲ್ಲೇ ರಿಪೇರಿ. ಇವು ಇಂದಿಗೂ ಒಳ್ಳೆಯ ಅಳತೆಗೋಲುಗಳೇ. ಐದನೆಯ ಗುಣ ಅಂಗಡಿಯಲ್ಲಿ ಸಿಗುವಂಥದಲ್ಲ. ಮರಳಿನ ಮೇಲೆ ಅಕ್ಷರ ತಿದ್ದುವ ಮಗುವಿನ ಪಕ್ಕದಲ್ಲಿ ಒಬ್ಬ ಜೊತೆಗಾರನಿದ್ದ. ಯಾವ ಟ್ಯಾಬ್ಲೆಟ್ ಕೊಂಡರೂ, ದಿನಕ್ಕೆ ಅರ್ಧ ಗಂಟೆ ಆ ಜಾಗದಲ್ಲಿ ನೀವು ಕುಳಿತುಕೊಳ್ಳಿ.