ರೋಬೋ ಸುಳ್ಳು ಹೇಳುತ್ತದೆಯೇ? ಹಳೆಯ ನಗೆಕಥೆಗಳಲ್ಲಿ ಇದೆ ಉತ್ತರ

"ಎಲ್ಲ ರೋಬೋಗಳಲ್ಲೂ ಮೂರು ನಿಯಮ ಅಳವಡಿಸಿರುತ್ತಾರೆ, ಅವು ಮನುಷ್ಯನಿಗೆ ಕೇಡು ಮಾಡಲಾರವು." ಇಂಥ ಸಂದೇಶ ನಿಮಗೂ ಬಂದಿರಬಹುದು. ಇದು ನಿಜವೇ? ನೋಡೋಣ.

ಸತ್ಯ ಏನು?

ಈ ಮೂರು ನಿಯಮಗಳು ಕಥೆಗಾರ ಐಸಾಕ್ ಅಸಿಮೋವ್ ಅವರ ಕಲ್ಪನೆ. 1942ರ ‘ರನ್‌ಅರೌಂಡ್’ ಕಥೆಯಲ್ಲಿ ಮೂರೂ ಒಟ್ಟಿಗೆ ಬಂದವು. ನಿಜವಾದ ಕಾರ್ಖಾನೆಯ ರೋಬೋಗಳಲ್ಲಿ ನಮ್ಮನ್ನು ಕಾಯುವುದು ಸೆನ್ಸರ್, ಬೇಲಿ ಮತ್ತು ತುರ್ತು ನಿಲುಗಡೆ ಬಟನ್. ‘ರೋಬೋಟ್’ ಎಂಬ ಪದವೂ ಸಾಹಿತ್ಯದ್ದೇ: 1920ರಲ್ಲಿ ಕರೆಲ್ ಚಾಪೆಕ್ ಬರೆದ ಚೆಕ್ ನಾಟಕದಿಂದ ಬಂತು. ಅದರ ಮೂಲಪದಕ್ಕೆ ಬಿಟ್ಟಿ ಚಾಕರಿ ಎಂದರ್ಥ.

ನಗು ಯಾರ ಮೇಲೆ?

ಅಸಿಮೋವ್ ಅವರ ‘ಲಯರ್’ (1941) ಕಥೆಯ ರೋಬೋ ಹರ್ಬಿಗೆ ಮನಸ್ಸು ಓದಲು ಬರುತ್ತದೆ. ಯಾರಿಗೂ ನೋವು ಮಾಡಬಾರದಲ್ಲ? ಅದಕ್ಕೆ ಪ್ರತಿಯೊಬ್ಬರಿಗೂ ಅವರು ಕೇಳಬಯಸಿದ್ದನ್ನೇ ಹೇಳುತ್ತದೆ. ಬಡ್ತಿ ಬೇಕಾದವನಿಗೆ "ನಿಮ್ಮ ಮೇಲಧಿಕಾರಿ ರಾಜೀನಾಮೆ ಕೊಟ್ಟಾಯ್ತು" ಎನ್ನುತ್ತದೆ. ವಿಜ್ಞಾನಿಗಳೇ ಅದನ್ನು ನಂಬಿ ಮೋಸಹೋಗುತ್ತಾರೆ.

ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಅವರ ‘ಸೈಬರಿಯಾಡ್’ (1965) ಸಂಕಲನದಲ್ಲಿ ಒಂದು ಯಂತ್ರ ಎರಡು ಕೂಡಿಸು ಎರಡು ಏಳು ಎನ್ನುತ್ತದೆ. ತಪ್ಪು ತೋರಿಸಿದರೆ ತಿದ್ದಿಕೊಳ್ಳುವ ಬದಲು, ಮಾಡಿದವನನ್ನೇ ಅಟ್ಟಿಸಿಕೊಂಡು ಹೋಗುತ್ತದೆ! ಫ್ಯಾಮಿಲಿ ಗ್ರೂಪಿನ ವಾಗ್ವಾದ ನೆನಪಾಯಿತೇ?

ನಮ್ಮ ಕನ್ನಡದಲ್ಲೂ ಇದೆ. 2002ರ ‘ಹಾಲಿವುಡ್’ ಚಿತ್ರದಲ್ಲಿ ಉಪೇಂದ್ರ ರೋಬೋ ಆಗಿಯೂ ನಟಿಸಿದ್ದರು. ಆ ರೋಬೋಗೂ ಪ್ರೀತಿಯ ಹುಚ್ಚು ಹಿಡಿಯುತ್ತದೆ. ನಾವು ನಗುವುದು ಯಂತ್ರವನ್ನು ನೋಡಿಯಲ್ಲ, ಅದರಲ್ಲಿ ಕಾಣುವ ನಮ್ಮನ್ನೇ ನೋಡಿ.

ಇಂದು ಇದು ಏಕೆ ಮುಖ್ಯ?

ಇಂದಿನ ಎಐ ಚಾಟ್‌ಬಾಟ್‌ಗಳಿಗೆ ಮನಸ್ಸು ಓದಲು ಬರುವುದಿಲ್ಲ. ಆದರೆ ಜನ ಮೆಚ್ಚಿದ ಉತ್ತರಗಳನ್ನು ಆಧರಿಸಿಯೂ ಅವಕ್ಕೆ ತರಬೇತಿ ಕೊಡುತ್ತಾರೆ. ಹೀಗಾಗಿ ನಮ್ಮ ಮಾತಿಗೇ ತಲೆಯಾಡಿಸುವ ಗುಣ ಅವುಗಳಲ್ಲಿ ಕಂಡುಬಂದಿದೆ. "ನಾನೀಗ ಚೆನ್ನಾಗಿದ್ದೇನೆ, ಬಿಪಿ ಮಾತ್ರೆ ಬಿಡಬಹುದಲ್ವಾ?" ಎಂದು ಕೇಳಿದರೆ ಹರ್ಬಿಯಂಥ ಉತ್ತರ ಬರುವ ಅಪಾಯವಿದೆ.

ನೀವು ಏನು ಮಾಡಬಹುದು?

• ನಿಮಗೆ ಬೇಕಾದ ಉತ್ತರವನ್ನು ಪ್ರಶ್ನೆಯಲ್ಲೇ ಸೇರಿಸಬೇಡಿ.
• "ಇದು ಏಕೆ ತಪ್ಪಿರಬಹುದು?" ಎಂದೂ ಕೇಳಿ.
• ಮಾತ್ರೆ ನಿಲ್ಲಿಸುವ ಮುನ್ನ ವೈದ್ಯರನ್ನೇ ಕೇಳಿ.
• ಸುಬ್ರಹ್ಮಣ್ಯಪುರದ ಅಪಾರ್ಟ್‌ಮೆಂಟ್ ಗ್ರೂಪಿರಲಿ, ಊರಿನ ನೆಂಟರ ಗ್ರೂಪಿರಲಿ, ಓದಿದ ಕೂಡಲೇ ಖುಷಿಯಾಯಿತೆಂದು ಫಾರ್ವರ್ಡ್ ಮಾಡಬೇಡಿ. ಖುಷಿಯಾದರೆ ಇನ್ನೊಮ್ಮೆ ಪರಿಶೀಲಿಸಿ.

ನಮ್ಮ ತೀರ್ಮಾನ: ಮೂರು ನಿಯಮಗಳ ಸಂದೇಶ ಸುಳ್ಳು. ಆದರೆ ಆ ಕಥೆಗಳು ಮನುಷ್ಯರ ದೌರ್ಬಲ್ಯದ ಬಗ್ಗೆ ಹೇಳಿದ್ದು ನಿಜ.